ಲಿಫ್ಟ್ ರಿಪೇರಿ: ನನ್ನ ವರದಿ

ಲಮಾರಾ ಮೇಡಂ ಕೊಟ್ಟ ಹಾಳೆಯಲ್ಲಿ ನಾಲ್ಕೇ ಖಾನೆ:
ಓದು ಎಷ್ಟು, ಸಂಬಳ ಎಷ್ಟು, ಅಪಾಯ ಏನು,
ಇಪ್ಪತ್ತು ವರ್ಷದ ಮೇಲೂ ಈ ಕೆಲಸ ಇರುತ್ತದೆಯೇ.
ಒಬ್ಬೊಬ್ಬರಿಗೆ ಐದು ನಿಮಿಷ. ಗೋಡೆಯ ಮೇಲೆ ಚಿತ್ರ ಬೀಳಬೇಕು.

ನನಗಿಂತ ಮುಂಚೆ ಮೂವರು ಪೈಲಟ್ ಆದರು,
ಮೂವರದೂ ಒಂದೇ ವಿಮಾನ, ಒಂದೇ ಮೋಡ.
ಬಾರ್ಬಾರೆ ಹಲ್ಲಿನ ಡಾಕ್ಟರಾಗಿ
ಎಲ್ಲರಿಗೂ ಒಂದೊಂದು ಪುಟ್ಟ ಟೂತ್‌ಪೇಸ್ಟ್ ಹಂಚಿದಳು.
ಆಮೇಲೆ ನನ್ನ ಹೆಸರು: ತೆಕ್ಲೆ, ಒಂಬತ್ತನೇ ತರಗತಿ.

ನನ್ನ ಚಿತ್ರ ಒಂದು ಡಬ್ಬಿ.
ತ್ಬಿಲಿಸಿಯ ಈ ಕೊನೆ, ವರ್ಕೆತಿಲಿಯಲ್ಲಿ,
ನಮ್ಮ ಒಂಬತ್ತಂತಸ್ತಿನ ಲಿಫ್ಟಿನೊಳಗೆ
ಗೋಡೆಗೆ ಬಡಿದ, ಕಾಸು ನುಂಗುವ ತಗಡಿನ ಡಬ್ಬಿ.
ಏರಲು ಹತ್ತು ತೆತ್ರಿ. ಇಳಿಯುವುದು ಪುಕ್ಕಟೆ.
ತರಗತಿ ನಕ್ಕಿತು. ನಗಲಿ ಅಂತಲೇ ಹಾಕಿದ್ದೆ.

ಮಾಹಿತಿ ಕೊಟ್ಟವರು: ಜೌರಿ. ಅರವತ್ತೊಂದು ವರ್ಷ,
ಬಲಗೈಯಲ್ಲಿ ನಾಲ್ಕು ಬೆರಳು.
ಅಪಾಯದ ಖಾನೆಗೆ ಇಷ್ಟೇ ಬರೆದೆ, ಉಳಿದದ್ದು ಬೇಡ ಅನ್ನಿಸಿತು.
ಎರಡು ಶನಿವಾರ ಅವರ ಹಿಂದೆ ತಾರಸಿ ಹತ್ತಿದೆ.
ಮೊದಲ ಪ್ರಶ್ನೆಗೇ ಅಂದರು:
“ಬೇಡ ಮಗಳೇ, ಬೇರೆ ಏನಾದರೂ ಆರಿಸಿಕೊ.
ಕೈ ಗ್ರೀಸಾದರೆ ಬಾಯಿಗೆ ಬ್ರೆಡ್ಡು. ಬೆಣ್ಣೆ ಇಲ್ಲ.”
ಇದು ಯಾವ ಖಾನೆಗೆ ಅಂತ ತಿಳಿಯದೆ
ಅಂಚಿನಲ್ಲಿ ಗೀಚಿಟ್ಟೆ.

ಓದು: ತಾಂತ್ರಿಕ ಶಾಲೆ ಎರಡು ವರ್ಷ,
ಆಮೇಲೆ ಒಬ್ಬ ಮುದುಕನ ಬೈಗುಳ ಆರು ವರ್ಷ.
ಸಂಬಳ: ಅವರು ಹೇಳಿದ್ದೊಂದು, ಅವರ ಹೆಂಡತಿ ಹೇಳಿದ್ದೊಂದು.
ಸರಾಸರಿ ತೆಗೆದೆ.
ಇಪ್ಪತ್ತು ವರ್ಷದ ಮೇಲೆ: ಕಟ್ಟಡ ಕುಳ್ಳಗಾಗುವುದಿಲ್ಲ,
ಮೊಣಕಾಲು ಗಟ್ಟಿಯಾಗುವುದಿಲ್ಲ.

ಎರಡನೇ ಶನಿವಾರ ಕರೆಂಟು ಹೋಯಿತು.
ಆರಕ್ಕೂ ಏಳಕ್ಕೂ ನಡುವೆ ಇಜೋಲ್ದಾ ಅಜ್ಜಿ,
ಜೊತೆಗೊಂದು ಚೀಲ ಬದನೆಕಾಯಿ.
ಜೌರಿ ಮೊದಲು ಹೋದದ್ದು ಯಂತ್ರದ ಕೋಣೆಗಲ್ಲ.
ಏಳನೇ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು
“ಬದನೆ ಎಷ್ಟಕ್ಕೆ ತಂದಿರಿ?” ಅಂದರು.
ಒಳಗಿನಿಂದ ಬೆಲೆ ಬಂತು. “ಅಯ್ಯೋ, ಟೋಪಿ ಬಿತ್ತು ನಿಮಗೆ.”
ಅಜ್ಜಿಗೆ ಎಲ್ಲಿತ್ತೋ ಸಿಟ್ಟು!
ಮಾರಿದವನ ಏಳು ತಲೆಮಾರು ಜಾಲಾಡುತ್ತ
ತಾವು ಕತ್ತಲಲ್ಲಿ ನೇತಾಡುತ್ತಿರುವುದನ್ನೇ ಮರೆತರು.
ಪಕ್ಕದ ಮನೆಯವರನ್ನು ಅಲ್ಲಿ ನಿಲ್ಲಿಸಿ
“ಟೊಮೇಟೊ ಬೆಲೆ ಕೇಳುತ್ತಿರಿ, ನಿಲ್ಲಿಸಬೇಡಿ” ಅಂತ ಹೇಳಿ
ನಾವು ಮೇಲಕ್ಕೆ ಓಡಿದೆವು.

ಬ್ರೇಕು ಸಡಿಲಿಸಿ, ಚಕ್ರಕ್ಕೆ ನನ್ನ ಕೈ ಹಚ್ಚಿಸಿದರು.
ಅಜ್ಜಿಯ ಭಾರವೆಲ್ಲ ತೋಳಿಗೆ ಬರುತ್ತದೆ ಅಂದುಕೊಂಡಿದ್ದೆ.
ಬರಲಿಲ್ಲ.
ಹಗ್ಗದ ಇನ್ನೊಂದು ತುದಿಗೆ, ಯಾರೂ ನೋಡದ ಕಡೆ,
ಕಬ್ಬಿಣದ ಗಟ್ಟಿಗಳ ಹೊರೆಯೊಂದು ತೂಗುತ್ತಿರುತ್ತದೆ.
ಅದು ತಾನಾಗಿ ಇಳಿಯುತ್ತದೆ, ಅಜ್ಜಿ ಏರುತ್ತಾರೆ.
ನಾವು ಮಾಡುವುದು ಇಷ್ಟೇ:
ಧಾವಂತದಲ್ಲಿ ಏರದ ಹಾಗೆ ಹಿಡಿದಿರುವುದು.

ಇದನ್ನು ಹೇಳುವಾಗ ನನ್ನ ಕೈ ಗಾಳಿಯಲ್ಲಿ
ತಾನೇ ತಿರುಗುತ್ತಿತ್ತಂತೆ, ಆಮೇಲೆ ಬಾರ್ಬಾರೆ ಹೇಳಿದಳು.
ಗೋಡೆಯ ಮೇಲೆ ಇನ್ನೂ ಕಾಸಿನ ಡಬ್ಬಿ.
ಮುಂದಿನ ಚಿತ್ರಕ್ಕೆ ಹೋಗುವುದೇ ಮರೆತಿದ್ದೆ.

“ಹಾಗಾದರೆ ನೀನು ಇದೇ ಆಗುತ್ತೀಯಾ?” ಮೇಡಂ ಕೇಳಿದರು.
“ಗೊತ್ತಿಲ್ಲ.”
“ಈ ಕೆಲಸದಲ್ಲಿ ಹೆಂಗಸರು ಎಷ್ಟು ಮಂದಿ?”
ಜೌರಿಗೆ ಒಬ್ಬರೂ ಗೊತ್ತಿಲ್ಲ, ನನಗೆ ಜೌರಿ ಮಾತ್ರ ಗೊತ್ತು.
ಹತ್ತಕ್ಕೆ ಏಳು. ಕೆಂಪು ಶಾಯಿಯಲ್ಲಿ:
‘ಮೂಲಗಳು ಸಾಲದು. ತೀರ್ಮಾನ ಎಲ್ಲಿ?’

ಪ್ರಶ್ನೆ ಇದ್ದರೆ ಕೇಳಿ ಅಂದಾಗ
ಹಿಂದಿನ ಬೆಂಚಿನಿಂದ ಎರಡನೇ ಪೈಲಟ್ ಕೈ ಎತ್ತಿದ.
“ನಮ್ಮದು ಈಸ್ಟರಿನಿಂದ ನಾಲ್ಕನೇ ಮಹಡಿಯಲ್ಲೇ ನಿಂತಿದೆ.
ಅಜ್ಜ ಅವತ್ತಿನಿಂದ ಕೆಳಗೆ ಇಳಿದಿಲ್ಲ.
ಅವರ ನಂಬರ್ ಇದೆಯಾ?”

ಇತ್ತು. ಮೆಲ್ಲಗೆ ಓದಿ ಹೇಳಿದೆ,
ಒಂದೊಂದೇ ಅಂಕಿ. ಅವನು ಬರೆದುಕೊಂಡ.
ಮೊದಲನೇ ಪೈಲಟ್ಟೂ ಬರೆದುಕೊಂಡ.